ಐದು ತಿಂಗಳು ಶೀತವಿದ್ದ ಹುಡುಗಿ

ಹಾಜರಿ ಕರೆಯುವಾಗ ತಲೆ ಎತ್ತಬೇಡಿ ಎಂದು ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರಿಗೆಲ್ಲ ಹೇಳುತ್ತಿದ್ದೆ. ತಲೆ ಎತ್ತಿದರೆ ಮುಖ ಕಾಣುತ್ತದೆ, ಮುಖ ಮೋಸ ಮಾಡುತ್ತದೆ, ದನಿ ಮಾಡುವುದಿಲ್ಲ. ಹೀಗೆಂದು ಬಹಳ ಧೈರ್ಯವಾಗಿ ಹೇಳುತ್ತಿದ್ದೆ. ಹಲಸೂರಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತಳಾಗಿ ಈಗ ಎರಡು ವರ್ಷವಾಯಿತು. ಆ ಸಲಹೆಯನ್ನು ಈ ಬರಹದ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಯಾಕೆಂದು ಹೇಳಲು ಸ್ವಲ್ಪ ಸಮಯ ಬೇಕಾಗುತ್ತದೆ. ನನಗೆ ಖಚಿತವಾಗಿ ನೆನಪಿರುವುದನ್ನು ಮಾತ್ರ ಬರೆಯುತ್ತೇನೆ. ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಬರೆಯುತ್ತೇನೆ.

ಮೊದಲು ನನ್ನ ಕಿವಿಯ ಬಗ್ಗೆ. ಕೆಲಸಕ್ಕೆ ಸೇರಿದ ಎರಡನೇ ವರ್ಷವೋ ಮೂರನೇ ವರ್ಷವೋ, ಒಂದು ಮಧ್ಯಾಹ್ನ ಎಂಟನೇ ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದೆ. ಶಾಹೀನ್ ಎಂದು ಕರೆದಾಗ ಮೂಗಿನಲ್ಲಿ ಮಾತಾಡಿದಂಥ ದನಿಯೊಂದು "ಪ್ರೆಸೆಂಟ್ ಮಿಸ್" ಎಂದಿತು. ನಾನು ಪುಸ್ತಕದಿಂದ ಕಣ್ಣೆತ್ತದೆ, "ಫಾತಿಮಾ, ನಿನ್ನ ಹಾಜರಿ ಆಗಲೇ ಆಯ್ತು. ಶಾಹೀನ್ ಎಲ್ಲಿ?" ಎಂದೆ.



"ಶಿವಾಜಿನಗರಕ್ಕೆ ಹೋಗವ್ಳೆ ಮಿಸ್. ಬಳೆಗೆ," ಎಂದಳು ಫಾತಿಮಾ. "ನನಗೂ ಒಂದು ಡಜನ್ ತರ್ತೀನಿ ಅಂದಿದ್ಳು ಮಿಸ್."

ಅಂದಿನಿಂದ ನಾನು ಕಿವಿ ಮಿಸ್ ಆದೆ. ಬೇರೆ ತರಗತಿಯ ಶಿಕ್ಷಕರು ಅನುಮಾನ ಬಂದಾಗ ನನ್ನನ್ನು ಕರೆದೊಯ್ದು ಬಾಗಿಲಿನಾಚೆ ನಿಲ್ಲಿಸಿ ಹಾಜರಿ ಕರೆಯುತ್ತಿದ್ದರು. ನಾನು ಹೊರಗಿನಿಂದಲೇ ಕಳ್ಳರನ್ನು ಹಿಡಿದುಕೊಡುತ್ತಿದ್ದೆ. ಇದರಲ್ಲಿ ನನಗೆ ಬಹಳ ಹೆಮ್ಮೆಯಿತ್ತು ಎಂಬುದನ್ನು ಇಲ್ಲೇ ಒಪ್ಪಿಕೊಳ್ಳುವುದು ಒಳ್ಳೆಯದು.

ಶಾಲೆಗಳೆಲ್ಲ ಮುಚ್ಚಿ, ಪಾಠ ಫೋನಿನಲ್ಲಿ ನಡೆಯಬೇಕೆಂದು ತೀರ್ಮಾನವಾದ ವರ್ಷ ನಾನು ಒಂಬತ್ತನೇ ತರಗತಿಯ ಕ್ಲಾಸ್ ಟೀಚರ್. ನಲವತ್ತೆರಡು ಮಕ್ಕಳು, ಅವರಿಗೆ ನಾನು ಅದಕ್ಕೆ ಮುಂಚೆ ಪಾಠ ಮಾಡಿರಲಿಲ್ಲ. ಸಿ.ವಿ. ರಾಮನ್ ನಗರದ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಕರಿಹಲಗೆ ತೂಗುಹಾಕಿ, ಎದುರಿಗೆ ಸ್ಟೂಲು, ಸ್ಟೂಲಿನ ಮೇಲೆ ಅಕ್ಕಿಡಬ್ಬಿ, ಅದಕ್ಕೆ ಒರಗಿಸಿ ಫೋನು ಇಟ್ಟೆ. ಮೊದಲ ಪಾಠ ಸಂಖ್ಯಾರೇಖೆ. ಮೂರು ದಿನ ಬಹಳ ಹುರುಪಿನಿಂದ ಅದನ್ನು ಕಲಿಸಿದೆ. ನಾಲ್ಕನೇ ದಿನ ಪಾಠದ ನಡುವೆ ಒಡೆದ ಗಂಟಲಿನ ದನಿಯೊಂದು ಕೇಳಿಸಿತು.

"ಮಿಸ್, ನಿಮ್ಮ ಕಾಲುಂಗುರ ಚೆನ್ನಾಗಿದೆ. ಎಲ್ಲಿ ತಗೊಂಡ್ರಿ?"

"ಯಾರದು?"

"...ರೇವತಿ ಮಿಸ್."

"ಗಂಟಲು ಯಾಕೆ ಹಾಗಿದೆ?"

"ಶೀತ ಮಿಸ್."

"ಅದಿರಲಿ, ನನ್ನ ಕಾಲು ನಿನಗೆ ಹೇಗೆ ಕಾಣ್ತಿದೆ?"

"ಕಾಲೇ ಮಿಸ್ ಕಾಣ್ತಿರೋದು. ಮೂರು ದಿನದಿಂದ ಬರೀ ಕಾಲು."

ಫೋನು ಅಕ್ಕಿಡಬ್ಬಿಯಿಂದ ಜಾರಿ ನೆಲದ ಕಡೆಗೆ ಮುಖ ಮಾಡಿಕೊಂಡಿತ್ತು. ನಲವತ್ತೆರಡು ಮಕ್ಕಳಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಯಾರೂ ಉತ್ತರ ಕೊಡದಿದ್ದಾಗ ಮತ್ತೆ ಅದೇ ದನಿ ಹೇಳಿತು: "ನೀವು ನಡೆದು ತೋರಿಸ್ತಾ ಇದ್ದೀರಿ ಅಂದ್ಕೊಂಡೆ ಮಿಸ್. ಎಡಕ್ಕೆ ಹೋದ್ರೆ ಮೈನಸ್ಸು, ಬಲಕ್ಕೆ ಬಂದ್ರೆ ಪ್ಲಸ್ಸು. ನಂಗೆ ಚೆನ್ನಾಗೇ ಅರ್ಥ ಆಯ್ತು."

ಹದಿನಾಲ್ಕು ವರ್ಷದ ಹುಡುಗಿ ಕಾಲುಂಗುರದ ಅಂಗಡಿಯ ವಿಳಾಸ ಕೇಳುವುದಿಲ್ಲ. ಇದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನಮ್ಮ ಮುಖ್ಯೋಪಾಧ್ಯಾಯರು ನಂಜುಂಡಪ್ಪನವರು ಕೆಟ್ಟವರಲ್ಲ. ಕಾಗದ ಕಂಡರೆ ಮಾತ್ರ ಅವರಿಗೆ ಜೀವ ಬರುತ್ತಿತ್ತು. ದಿನವೂ ಪಾಠ ಮುಗಿದ ಮೇಲೆ ಫೋನಿನ ಪರದೆಯ ಚಿತ್ರ ತೆಗೆದು ಅವರಿಗೆ ಕಳಿಸಬೇಕು. ಅದರಲ್ಲಿ ಹೆಸರು ಇದ್ದವರು ಹಾಜರಿ, ಇಲ್ಲದವರು ಗೈರುಹಾಜರಿ. "ಹೆಸರು ಇದೆ ಸಾರ್, ಹುಡುಗರು ಇದ್ದಾರೋ ಇಲ್ಲವೋ ಗೊತ್ತಿಲ್ಲ" ಎಂದು ನಾನು ಒಮ್ಮೆ ಹೇಳಿದೆ. "ಹೆಸರು ಇದೆಯಲ್ಲ ಮೇಡಂ, ಸಾಕು. ಹುಡುಗರನ್ನ ಫೈಲ್‌ಗೆ ಹಾಕೋಕಾಗುತ್ತಾ?" ಎಂದರು.

ಪರದೆಯ ಮೇಲೆ ಏನಿರುತ್ತಿತ್ತೆಂದು ಹೇಳುತ್ತೇನೆ. ಬಹುಪಾಲು ಕಪ್ಪು ಚೌಕಗಳು, ಅವುಗಳಲ್ಲಿ ಹೆಸರು. ಒಂದರಲ್ಲಿ ಗೋಡೆಯ ಮೇಲಿನ ದೇವರ ಪಟ. ಪೂರ್ವಿ ಎಂಬ ಹುಡುಗಿಯ ಚೌಕದಲ್ಲಿ ಒಂದು ಸೀಲಿಂಗ್ ಫ್ಯಾನು. ಅದು ಐದು ತಿಂಗಳೂ ತಪ್ಪದೆ ನನ್ನ ಪಾಠಕ್ಕೆ ಬಂದಿತು. ಪ್ರಶ್ನೆ ಕೇಳಿ ನಾನು ಒಬ್ಬೊಬ್ಬರ ಹೆಸರು ಕರೆಯುತ್ತಿದ್ದೆ. ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾಯುವ ಹಾಗೆ ಕಾಯುತ್ತಿದ್ದೆ. ಸದ್ದು ಬರುತ್ತಿದ್ದುದು ಒಂದೇ ಕಡೆಯಿಂದ. "ನಾನು ಹೇಳ್ಲಾ ಮಿಸ್?" ಎಂದು ಆ ಒಡೆದ ಗಂಟಲು.

ಹಿಂದೆ ಕುಕ್ಕರ್ ಕೂಗುತ್ತಿತ್ತು. ಕೆಲವು ಸಲ, "ಒಂದು ನಿಮಿಷ ಮಿಸ್, ಒಗ್ಗರಣೆ ಸೀದೋಗತ್ತೆ," ಎಂದು ಹೋಗಿ, ಬಂದು, ಉತ್ತರ ಸರಿಯಾಗಿ ಹೇಳುತ್ತಿದ್ದಳು. ಮನೆಯ ಅಡುಗೆಯನ್ನೂ ಮಾಡಿಕೊಂಡು ಓದುವ ಹುಡುಗಿ ಎಂದು ನನ್ನ ಕಣ್ಣು ತುಂಬಿಬಂದದ್ದುಂಟು. ಮೆಣಸಿನ ಕಷಾಯ ಕುಡಿ ಎಂದೆ. ಕುಡೀತಿದ್ದೀನಿ ಮಿಸ್ ಎಂದಳು. ಒಂದು ತಿಂಗಳಾದ ಮೇಲೆ ಶುಂಠಿ ಸೇರಿಸು ಎಂದೆ. ಮೂರನೇ ತಿಂಗಳು ಡಾಕ್ಟರಿಗೆ ತೋರಿಸು ಎಂದೆ. ಯಾವ ಶೀತವೂ ಇಷ್ಟು ದಿನ ಇರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಫೋನು ದನಿಯನ್ನು ಕೆಡಿಸುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಒಂದು ದಿನ ಬೀಜಗಣಿತದ ಪಾಠದಲ್ಲಿ ಅವಳು ಕೇಳಿದಳು: "ಮಿಸ್, ಎಕ್ಸ್ ಅಂದ್ರೆ ಗೊತ್ತಿಲ್ಲದ್ದು ಅಂದ್ರಿ. ಗೊತ್ತಿಲ್ಲದ್ದನ್ನ ಎರಡರಿಂದ ಗುಣಿಸ್ಬೋದು, ಅದರಿಂದ ಮೂರು ಕಳೀಬೋದು ಅಂತೀರಿ. ಅಷ್ಟೆಲ್ಲ ಮಾಡ್ಬೋದು ಅಂದ್ರೆ ಅದು ಎಲ್ಲೋ ಇದೆ ಅಂತ ತಾನೇ? ನಮಗೆ ಮಾತ್ರ ಗೊತ್ತಿಲ್ಲ."

 ಮೂವತ್ತು ವರ್ಷದಲ್ಲಿ ಯಾವ ಮಗುವೂ ಇದನ್ನು ಕೇಳಿರಲಿಲ್ಲ. "ಹೌದು ರೇವತಿ, ಎಲ್ಲೋ ಇದೆ," ಎಂದೆ.

ಶಾಲೆ ಮತ್ತೆ ತೆರೆದ ಮೊದಲ ವಾರ ನಾನು ಎಲ್ಲರಿಗಿಂತ ಮೊದಲು ಹುಡುಕಿದ್ದು ರೇವತಿಯನ್ನು. ಎರಡನೇ ಸಾಲಿನ ಕೊನೆಯಲ್ಲಿ ಕೂತಿದ್ದಳು. ಸಣ್ಣ ಹುಡುಗಿ, ಉದ್ದ ಜಡೆ. "ಏನಮ್ಮಾ, ಶೀತ ವಾಸಿ ಆಯ್ತಾ?" ಎಂದೆ.

ಅವಳು ಎದ್ದು ನಿಂತಳು. "ಯಾವ ಶೀತ ಮಿಸ್?"

ಎಳೆಯ, ತೆಳ್ಳನೆಯ ದನಿ. ಆ ದನಿಯನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಊಟದ ಬಿಡುವಿನಲ್ಲಿ ಅವಳನ್ನು ಪಕ್ಕಕ್ಕೆ ಕರೆದೆ. ಅವಳು ಅಳುವ ಮುಖ ಮಾಡಿಕೊಂಡು ಎಲ್ಲ ಹೇಳಿದಳು. ಮನೆಯಲ್ಲಿರುವುದು ಒಂದೇ ಫೋನು. ಅವಳ ತಾಯಿ ಸೆಲ್ವಿ, ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಅಡುಗೆ ಕೆಲಸ ಮಾಡುವವರು. ಅಲ್ಲಿ ಗೇಟಿನಲ್ಲಿ ಫೋನಿಗೆ ಒಂದು ನಂಬರ್ ಬರುತ್ತದೆ, ಅದನ್ನು ತೋರಿಸದೆ ಕಾವಲಿನವರು ಒಳಗೆ ಬಿಡುವುದಿಲ್ಲ. ಆದ್ದರಿಂದ ಫೋನು ತಾಯಿಯ ಜೊತೆಗೇ ಹೋಗಬೇಕು. ಪಾಠದ ಹೊತ್ತಿಗೆ ಸೆಲ್ವಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದರು. ಸಂಜೆ ಮನೆಗೆ ಬಂದು ಮಗಳಿಗೆ ಹೇಳಿಕೊಡುತ್ತಿದ್ದರು.

ನನಗೆ ನಗು ತಡೆಯಲಿಲ್ಲ. ಇಲ್ಲಿ ನಾನು ನನ್ನ ವೃತ್ತಿಜೀವನದ ಅತಿ ದೊಡ್ಡ ತಪ್ಪು ಮಾಡಿದೆ. ನಗುತ್ತಲೇ ಸ್ಟಾಫ್ ರೂಮಿಗೆ ಹೋಗಿ, ಚಹಾ ಕುಡಿಯುತ್ತ, ಕಿವಿ ಮಿಸ್ ಐದು ತಿಂಗಳು ಟೋಪಿ ಹಾಕಿಸಿಕೊಂಡ ಕಥೆಯನ್ನು ಅಭಿನಯ ಸಮೇತ ಹೇಳಿದೆ. ಕುಕ್ಕರ್ ಕೂಗಿದ್ದನ್ನೂ ಕೂಗಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನಂಜುಂಡಪ್ಪನವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ, ಲೋಟ ಕೆಳಗಿಟ್ಟು ಹೇಳಿದರು:

"ಅಂದ್ರೆ ಆ ಹುಡುಗಿ ಒಂದು ದಿನಾನೂ ಹಾಜರಿಲ್ಲ."

"ಹಾಗಲ್ಲ ಸಾರ್..."

"ಹಾಗೇ ಮೇಡಂ. ನೀವೇ ಈಗ ಹೇಳಿದ್ರಿ, ಎಲ್ಲರೂ ಕೇಳಿದ್ದಾರೆ. ಹಾಜರಿ ಇಲ್ಲದೆ ಹತ್ತನೇ ಕ್ಲಾಸಿಗೆ ಹೇಗೆ ಕಳಿಸ್ತೀರಿ? ನಾಳೆ ಯಾರಾದರೂ ಫೈಲ್ ತೆಗೆದ್ರೆ?"

ನಂಜುಂಡಪ್ಪನವರು ಹೇಳಿಕಳಿಸಿದ್ದರಿಂದ ಮರುದಿನ ಬೆಳಿಗ್ಗೆ ಗೇಟಿನಲ್ಲಿ ಸೆಲ್ವಿ ನಿಂತಿದ್ದರು. ದಪ್ಪ ಕಟ್ಟಿನ, ನಲವತ್ತರ ಹತ್ತಿರದ ಹೆಂಗಸು. ಬಾಯಿ ತೆರೆದ ಕೂಡಲೇ ಗುರುತು ಸಿಕ್ಕಿತು. ಆ ದನಿಯ ಜೊತೆ ಒಂದು ಮುಖವನ್ನು ಜೋಡಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವರು ನನ್ನನ್ನು ಮಿಸ್ ಎಂದೇ ಕರೆದರು.

"ತಪ್ಪಾಯ್ತು ಮಿಸ್. ಸುಮ್ನೆ ಕೇಳಿಸ್ಕೊಂಡು ಹೋಗೋಣ ಅಂತಾನೇ ಇದ್ದೆ. ನೀವು ಹೆಸರು ಕರೀತಿದ್ರಿ, ಯಾವ ಮಗೂನೂ ಮಾತಾಡ್ತಿರ್ಲಿಲ್ಲ. ಪಾಪ, ಕಾಯ್ತಾನೇ ಇದ್ರಿ. ನೋಡೋಕಾಗ್ಲಿಲ್ಲ. ಅದಕ್ಕೆ ಹೇಳ್ಬಿಟ್ಟೆ."

ಅವರು ಗೇಟಿನೊಳಗೆ ಒಂದು ಸಲ ನೋಡಿ ಮುಂದುವರಿಸಿದರು.

"ರೇವತಿ ಒಂಬತ್ತರಲ್ಲೇ ನಿಂತ್ರೆ ಮುಗೀತು ಮಿಸ್. ಅವ್ಳ ಅತ್ತೆ ದೊಡ್ಡನೆಕ್ಕುಂದಿ ಫ್ಯಾಕ್ಟ್ರೀಲಿ ಕೆಲಸಕ್ಕೆ ಹೇಳಿ ಇಟ್ಟವ್ರೆ. ವರ್ಷ ಹಾಳಾಯ್ತಲ್ಲ, ಇನ್ಯಾಕೆ ಓದು ಅಂತಾರೆ. ನಾನೂ ಎಂಟನೇ ಕ್ಲಾಸಲ್ಲಿ ಹಂಗೇ ನಿಂತಿದ್ದು. ಒಂದ್ ವರ್ಷ ಅಂತ ನಿಂತೆ."

ಸ್ಟಾಫ್ ರೂಮಿನಲ್ಲಿ ನಾನು ಕುಕ್ಕರಿನಂತೆ ಕೂಗಿದ್ದು ನೆನಪಾಗಿ ನಾಚಿಕೆಯಾಯಿತು.

ವಿಷಯ ಆಡಳಿತ ಮಂಡಳಿಯ ಕಾರ್ಯದರ್ಶಿಗಳವರೆಗೆ ಹೋಯಿತು. ಎಪ್ಪತ್ತು ದಾಟಿದ ಹಿರಿಯರು, ಶಿಸ್ತಿನ ಮನುಷ್ಯ. ವಾರದ ಕೊನೆಗೆ ಸಭೆ, ಅಷ್ಟರಲ್ಲಿ ನಾನು ಲಿಖಿತ ಹೇಳಿಕೆ ಕೊಡಬೇಕು. "ರೇವತಿ ಹಾಜರಿದ್ದಳು ಅಂತ ಒಂದು ಸಾಲು ಬರೆದುಬಿಡಿ, ಎಲ್ಲರಿಗೂ ಒಳ್ಳೇದು," ಎಂದು ಒಬ್ಬ ಸಹೋದ್ಯೋಗಿ ಕಿವಿಯಲ್ಲಿ ಹೇಳಿದರು. ಬರೆಯಲು ಕೂತೆ, ಕೈ ಬರಲಿಲ್ಲ. ಅವಳು ಹಾಜರಿರಲಿಲ್ಲ. ಹಾಗೆಂದು ಅವಳು ಹಾಜರಿರಲಿಲ್ಲ ಎಂದಷ್ಟೇ ಬರೆದರೂ ಅದು ಪೂರ್ತಿ ನಿಜವಾಗುತ್ತಿರಲಿಲ್ಲ. ಕೊನೆಗೆ ಐದು ತಿಂಗಳಲ್ಲಿ ನಾನು ಕಂಡದ್ದು, ಕೇಳಿದ್ದು ಅಷ್ಟನ್ನೂ ಹಾಜರಿ ಪುಸ್ತಕದ ಕ್ರಮಸಂಖ್ಯೆಯ ಪ್ರಕಾರ ಬರೆದೆ. ನಾಲ್ಕು ಪುಟವಾಯಿತು.

ಸಭೆಯಲ್ಲಿ ಸೆಲ್ವಿಯೂ ಇದ್ದರು. ಕೂರಿ ಎಂದರೂ ಕುರ್ಚಿಯ ತುದಿಯಲ್ಲಿ ಕೂತರು. ಪಕ್ಕದಲ್ಲಿ ರೇವತಿ ನಿಂತಿದ್ದಳು.

"ಏನಮ್ಮ, ಮಗಳ ಬದಲು ನೀವು ಕ್ಲಾಸಿಗೆ ಬರೋದಾ?" ಎಂದರು ಕಾರ್ಯದರ್ಶಿಗಳು. "ನಾಳೆ ಮಗಳ ಬದಲು ಪರೀಕ್ಷೆನೂ ನೀವೇ ಬರೀತೀರಾ?"

"ಇಲ್ಲ ಸಾರ್. ಕಲಿಸಿದೀನಿ ಸಾರ್ ಅವ್ಳಿಗೆ."

"ಏನು ಆಧಾರ?"

ಸೆಲ್ವಿ ಚೀಲದಿಂದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ದಿನಕ್ಕೊಂದು ಹಾಳೆ ಹರಿಯುವ ಗೋಡೆ ಕ್ಯಾಲೆಂಡರಿನ ಹಾಳೆಗಳು. ಅಡುಗೆಮನೆಯಲ್ಲಿ ಬರೆಯಲು ಅವರಿಗೆ ಸಿಕ್ಕಿದ ಕಾಗದ ಅದೇ. ಆ ದಿನದ ಹಾಳೆ ಹರಿದು, ಅದರ ಹಿಂದೆ ಆ ದಿನದ ಪಾಠ. ಒಂದು ಬದಿಯಲ್ಲಿ ತಾರೀಖು, ರಾಹುಕಾಲ. ಇನ್ನೊಂದು ಬದಿಯಲ್ಲಿ ಬಹುಪದೋಕ್ತಿ. ಅವರು ಓದಿದ್ದು ತಮಿಳು ಶಾಲೆಯಲ್ಲಿ. ಆದ್ದರಿಂದ ನನ್ನ ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡಿದ್ದರು. ಅದು ನನಗೆ ಓದಲು ಬರಲಿಲ್ಲ. ಲೆಕ್ಕಗಳು ಮಾತ್ರ ಯಾವ ಭಾಷೆಯವರಿಗೂ ಅರ್ಥವಾಗುವಂಥವು. ನನ್ನ ಪಾಠ ಟಿಪ್ಪಣಿಯ ಪುಸ್ತಕ ತರಿಸಿ ಒಂದೊಂದೇ ತಾರೀಖು ಹೋಲಿಸಿದೆ. ಎರಡು ಭಾನುವಾರದ ಹಾಳೆಗಳೂ ಇದ್ದವು. ಅವು ಮರುಅಭ್ಯಾಸವಂತೆ.

ಒಂದು ಹಾಳೆಯ ಮೂಲೆಯಲ್ಲಿ ಕೆಂಪು ಗೆರೆ ಎಳೆದಿತ್ತು. "ಇದೇನು?" ಎಂದೆ.

ಸೆಲ್ವಿ ತಲೆ ತಗ್ಗಿಸಿದರು. "ಬೇಡ ಬಿಡಿ ಮಿಸ್."

"ಹೇಳಿ."

"ಇಲ್ಲಿ ಮಿಸ್ ಮೈನಸ್ ಮರೆತರು ಅಂತ ಬರ್ದಿದೀನಿ."

ನೋಡಿದೆ. ಮರೆತಿದ್ದೆ. ನಂಜುಂಡಪ್ಪನವರು ಕೆಮ್ಮಿದರು.

"ಅದೆಲ್ಲ ಸರಿ. ಆದರೆ ಹಾಜರಿ ಹಾಜರಿನೇ," ಎಂದರು ಕಾರ್ಯದರ್ಶಿಗಳು. "ಮೇಡಂ ಹೇಳಿಕೆ ಓದಿ."

ನಂಜುಂಡಪ್ಪನವರು ಕನ್ನಡಕ ಹಾಕಿಕೊಂಡು ಓದತೊಡಗಿದರು. "ಕ್ರಮಸಂಖ್ಯೆ ಒಂದು. ಹಾಜರಿ ಪೂರ್ತಿ. ಕಂಡದ್ದು ದೇವರ ಪಟ. ಕೇಳಿದ್ದು ಏನೂ ಇಲ್ಲ. ಕ್ರಮಸಂಖ್ಯೆ ಎರಡು. ಹಾಜರಿ ಪೂರ್ತಿ. ಕಂಡದ್ದು ಹೆಸರು ಮಾತ್ರ. ಕೇಳಿದ್ದು ಒಮ್ಮೆ ಟಿ.ವಿ. ಧಾರಾವಾಹಿ, ಸುಮಾರು ಎಂಟು ನಿಮಿಷ..." ಹೀಗೆ ಸಾಗಿತು. ಹತ್ತನೆಯದರ ಹೊತ್ತಿಗೆ ಅವರ ದನಿ ಇಳಿಯಿತು. "ಕ್ರಮಸಂಖ್ಯೆ ಹತ್ತೊಂಬತ್ತು. ಹಾಜರಿ ಪೂರ್ತಿ. ಕಂಡದ್ದು ಸೀಲಿಂಗ್ ಫ್ಯಾನು. ಕಂದು ಬಣ್ಣ, ಮೂರು ರೆಕ್ಕೆ, ಒಂದಕ್ಕೆ ಗುಲಾಬಿ ಬಣ್ಣದ ರಿಬ್ಬನ್ ಸಿಕ್ಕಿಕೊಂಡಿದೆ."

"ಸ್ವಲ್ಪ ನಿಲ್ಲಿಸಿ," ಎಂದರು ಕಾರ್ಯದರ್ಶಿಗಳು. "ಯಾವ ಬಣ್ಣದ ರಿಬ್ಬನ್?"

"ಗುಲಾಬಿ ಸಾರ್."

"ಅದು ನಮ್ಮನೆ ಫ್ಯಾನ್ ಕಣ್ರೀ! ಮೊಮ್ಮಗಳ ಹುಟ್ಟುಹಬ್ಬದ ದಿನ ಸಿಕ್ಕಿಕೊಂಡಿದ್ದು. ತೆಗೆಸಿ ತೆಗೆಸಿ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ!"

 ಪೂರ್ವಿ ಅವರ ಮೊಮ್ಮಗಳೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಆ ಸಾಲನ್ನು ಉಳಿದವುಗಳಿಗಿಂತ ಉದ್ದ ಮಾಡಿರಲಿಲ್ಲ. ಫ್ಯಾನಿನಲ್ಲಿ ಅಷ್ಟು ವಿವರ ಇತ್ತು, ಅಷ್ಟೇ.

"ಕೊನೇದು ಓದಿ," ಎಂದರು ಕಾರ್ಯದರ್ಶಿಗಳು, ಮೆಲ್ಲಗೆ.

"ಮೇಲಿನ ನಲವತ್ತೆರಡು ವಿದ್ಯಾರ್ಥಿಗಳಲ್ಲಿ ಪಾಠ ಕೇಳಿದವರು ಯಾರೆಂದು ನಾನು ಖಚಿತವಾಗಿ ಹೇಳಲಾರೆ. ಪಾಠ ಕೇಳಿದರೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲದ್ದು ಒಬ್ಬರ ಬಗ್ಗೆ ಮಾತ್ರ. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಇಲ್ಲ. ಅವರು ವಿದ್ಯಾರ್ಥಿನಿಯ ತಾಯಿ."

ಕಾರ್ಯದರ್ಶಿಗಳು ಬಹಳ ಹೊತ್ತು ಕ್ಯಾಲೆಂಡರ್ ಹಾಳೆಗಳನ್ನು ತಿರುವಿದರು. "ಇದರ ಪ್ರಕಾರ ಹೋದರೆ ಇಡೀ ಕ್ಲಾಸು ಫೇಲು, ಈಯಮ್ಮ ಒಬ್ರೇ ಪಾಸು," ಎಂದರು. "ನಂಜುಂಡಪ್ಪ, ಹಾಜರಿ ಪುಸ್ತಕ ಮುಚ್ಚಿ. ಮುಂದಿನ ವಾರ ಎಲ್ಲರನ್ನೂ ಬೋರ್ಡ್ ಮುಂದೆ ನಿಲ್ಲಿಸಿ ಲೆಕ್ಕ ಕೊಡಿ. ಮಾಡಿದೋರು ಮುಂದಕ್ಕೆ, ಮಾಡದೇ ಇದ್ದೋರಿಗೆ ಒಂದು ತಿಂಗಳು ಬೆಳಿಗ್ಗೆ ಬೇಗ ಕ್ಲಾಸು, ಮತ್ತೆ ಲೆಕ್ಕ. ನಮ್ಮನೆ ಫ್ಯಾನನ್ನೂ ನಿಲ್ಲಿಸಿ."

ರೇವತಿಗೆ ಬಂದದ್ದು ಎರಡು ಚರಾಕ್ಷರದ ಸಮೀಕರಣ.  ಮೊದಲ ಸಾಲು ಬರೆದು ಅಳಿಸಿದಳು. ನಾನು ಬೇಕೆಂದೇ ಕಿಟಕಿಯ ಕಡೆ ನೋಡಿದೆ. ಸೀಮೆಸುಣ್ಣದ ಸದ್ದು ನಿಂತಿತು, ಮತ್ತೆ ಶುರುವಾಯಿತು, ಆಮೇಲೆ ನಿಲ್ಲದೆ ಕೆಳಗಿನವರೆಗೆ ಹೋಯಿತು. ತಿರುಗಿ ನೋಡಿದಾಗ ಉತ್ತರ ಸರಿಯಾಗಿತ್ತು. ವಿಧಾನ ನನ್ನದಾಗಿರಲಿಲ್ಲ. ನಾನು ಹೇಳಿಕೊಟ್ಟದ್ದಕ್ಕಿಂತ ಅದು ಒಂದು ಹೆಜ್ಜೆ ಚಿಕ್ಕದಿತ್ತು. ಅವಳು ಹತ್ತನೇ ತರಗತಿಗೆ ಹೋದಳು. ಪೂರ್ವಿ ಒಂದು ತಿಂಗಳು ಬೆಳಿಗ್ಗೆ ಏಳು ಗಂಟೆಗೆ ಬಂದು, ಅವಳೂ ಹೋದಳು.

ಆನ್‌ಲೈನ್ ಒಳ್ಳೆಯದೋ ತರಗತಿಯೇ ಒಳ್ಳೆಯದೋ ಎಂದು ಈಗಿನ ಶಿಕ್ಷಕರು ನನ್ನನ್ನು ಕೇಳುತ್ತಾರೆ. ತರಗತಿಯೇ ಎಂಬ ಮಾತು ಥಟ್ಟನೆ ಬಾಯಿಗೆ ಬರುತ್ತದೆ. ಆಗ ಒಂದು ಸಂಜೆಯ ನೆನಪಾಗಿ ತಡೆಯುತ್ತೇನೆ.

ಫಲಿತಾಂಶ ಹೇಳಿದ ದಿನದ ಸಂಜೆ ಅದು. ಹಲಸೂರಿನ ಬಸ್ ನಿಲ್ದಾಣದಲ್ಲಿ ಸೆಲ್ವಿ ಇಂದಿರಾನಗರದ ಸಂಜೆಯ ಕೆಲಸಕ್ಕೆ ಹೊರಟು ನಿಂತಿದ್ದರು. ಟಿನ್ ಫ್ಯಾಕ್ಟರಿ ಕಡೆಯ ಬಸ್ಸು ನಮ್ಮಿಬ್ಬರಿಗೂ ಆಗುತ್ತದೆ. ಮಗಳ ವಿಷಯಕ್ಕೆ ಸಂತೋಷಪಟ್ಟರು, ಕೈ ಮುಗಿದರು. ಆಮೇಲೆ ಕೇಳಿದರು.

"ಇನ್ಮೇಲೆ ಫೋನಲ್ಲಿ ಕ್ಲಾಸ್ ಇರಲ್ವಾ ಮಿಸ್?"

"ಇರಲ್ಲ. ಶಾಲೆ ತೆಗೆದಾಯ್ತಲ್ಲ."

"ಹೌದಲ್ವಾ. ಶಂಕುದು ಘನಫಲ ಮುಗಿಸಿದ್ರಿ. ನಾಳೆ ಗೋಳ ಅಂದ್ರಿ. ಅಷ್ಟರಲ್ಲಿ ಸ್ಕೂಲ್ ತೆಗೆದ್ಬಿಟ್ರು." ನಕ್ಕರು. "ಒಳ್ಳೇದೇ ಆಯ್ತು, ಮಕ್ಕಳಿಗೆ."

ಅವರ ಚೀಲದಲ್ಲಿ ಮೂಸಂಬಿಗಳಿದ್ದವು. ಊಟದ ದುಂಡನೆಯ ಸ್ಟೀಲ್ ಡಬ್ಬಿಯೂ ಇತ್ತು, ಅಗಲ ಎಷ್ಟೋ ಎತ್ತರವೂ ಅಷ್ಟೇ ಇರುವಂಥದ್ದು. ಎರಡನ್ನೂ ಕೇಳಿ ತೆಗೆದುಕೊಂಡೆ. ಹುಡುಕಿದಾಗ ಡಬ್ಬಿಗೆ ಸರಿಯಾಗಿ ಕೂರುವ ಮೂಸಂಬಿ ಒಂದು ಸಿಕ್ಕಿತು. ಡಬ್ಬಿಯನ್ನು ನಿಲ್ದಾಣದ ಕಲ್ಲಿನ ಮೇಲಿಟ್ಟು ನನ್ನ ಬಾಟಲಿಯಿಂದ ಕಂಠಪೂರ್ತಿ ನೀರು ತುಂಬಿದೆ.

"ಮೂಸಂಬಿ ಮುಳುಗಿಸಿದರೆ ಎಷ್ಟು ನೀರು ಹೊರಗೆ ಬರುತ್ತೆ?"

ಅಷ್ಟರಲ್ಲಿ ಬಸ್ಸು ಬಂತು. "ಟಿನ್ ಫ್ಯಾಕ್ಟ್ರಿ, ಕೆ.ಆರ್. ಪುರಂ! ರೀ ಮೇಡಂ, ಹತ್ತೀರಾ, ನೀರಾಟ ಆಡ್ತೀರಾ?" ಎಂದರು ಕಂಡಕ್ಟರ್. ಬಸ್ಸು ಹೋಯಿತು.

"ತೇಲುತ್ತೆ ಮಿಸ್ ಇದು, ಒತ್ತಿ ಹಿಡೀಬೇಕು," ಎಂದು ಸೆಲ್ವಿಯೇ ಬೆರಳಿಂದ ಒತ್ತಿದರು. ನೀರು ಚೆಲ್ಲಿ ನನ್ನ ಚಪ್ಪಲಿ ಒದ್ದೆಯಾಯಿತು. ಮೂಸಂಬಿ ಹೊರಗೆ ತೆಗೆದು ಡಬ್ಬಿಯೊಳಗೆ ಇಣುಕಿದರು. ನೆಲದಿಂದ ಒಂದು ಕಡ್ಡಿ ಎತ್ತಿ ಒಳಗೆ ನಿಲ್ಲಿಸಿ, ಒದ್ದೆಯಾದಷ್ಟಕ್ಕೆ ಉಗುರಿಂದ ಗುರುತು ಹಾಕಿ, ಡಬ್ಬಿಯ ಎತ್ತರಕ್ಕೆ ಹಿಡಿದು ನೋಡಿದರು. ಒಂದು ಸಲ, ಎರಡು ಸಲ, ಮೂರು ಸಲ ಸರಿಸಿದರು.

"ಮೂರರಲ್ಲಿ ಒಂದು ಪಾಲು ಉಳಿದಿದೆ. ಅಂದ್ರೆ ಮೂಸಂಬಿ ಎರಡು ಪಾಲು." ತಲೆ ಎತ್ತಿದರು. "ಯಾವ ಸೈಜ್ ಮೂಸಂಬಿ ಆದ್ರೂ ಹಿಂಗೇನಾ ಮಿಸ್?"

"ಡಬ್ಬಿ ಅದರ ಅಳತೆಯದೇ ಆಗಿದ್ದರೆ, ಯಾವುದಾದರೂ ಹೀಗೇ."

ಎರಡನೇ ಬಸ್ಸು ಬಂದು ಹೋದದ್ದನ್ನು ನಾವಿಬ್ಬರೂ ಸರಿಯಾಗಿ ನೋಡಲಿಲ್ಲ. ಸೆಲ್ವಿ ಡಬ್ಬಿ ಒರೆಸಿ ಚೀಲಕ್ಕೆ ಹಾಕಿಕೊಂಡರು.

"ಹಂಗಾದ್ರೆ ಗೋಳ ಮುಗೀತು. ಒಂಬತ್ತನೇ ಕ್ಲಾಸ್ ಮುಗೀತಾ ಮಿಸ್?"

ಮುಗಿಯಿತು ಎಂದುಬಿಡಬಹುದಿತ್ತು. "ಇಲ್ಲ. ಇನ್ನೂ ಎರಡು ಪಾಠ ಇದೆ," ಎಂದೆ.

ದೂರದಲ್ಲಿ ಮೂರನೇ ಬಸ್ಸು ಕಾಣಿಸಿತು. ಸೆಲ್ವಿ ಅದರ ಬೋರ್ಡು ಓದಿದರು, ಕೈಗಡಿಯಾರ ನೋಡಿಕೊಂಡರು, ಚೀಲವನ್ನು ಕಲ್ಲಿನ ಮೇಲಿಟ್ಟರು.

"ಇದನ್ನೂ ಬಿಟ್ಬಿಡೋಣ ಮಿಸ್," ಎಂದರು.